ಮುಳ್ಳುಕಾಯಿಯ ಉಮ್ಮತ್ತಿಯನ್ನು ಗುರುತಿಸಿ ಕೀಳುವ ಬಗೆ

ಅಮೆರಿಕ ಖಂಡದಿಂದ ಬಂದು ಇಂದು ಜಗತ್ತಿನ ಅನೇಕ ಭಾಗಗಳ ಹೊಲಗಳಲ್ಲಿ ಕಳೆಯಾಗಿ ಬೇರೂರಿರುವ ದತೂರ ಸ್ಟ್ರಾಮೋನಿಯಂ ಎಂಬ ಉಮ್ಮತ್ತಿಯನ್ನು ಕಾಯಿಯಿಂದಲೇ ಗುರುತಿಸಬಹುದು: ಅದರ ಹತ್ತಿರದ ಹಲವು ಸಂಬಂಧಿಗಳ ಕಾಯಿ ಬಾಗಿ ತೂಗಿದರೆ, ಇದರ ಕಾಯಿ ನೆಟ್ಟಗೆ ನಿಂತು, ಒಣಗಿದಾಗ ನಾಲ್ಕು ಹೋಳಾಗಿ ಬಿರಿಯುತ್ತದೆ. ಒಂದೊಂದು ಕಾಯಿಯಲ್ಲೂ ನೂರಾರು ಬೀಜಗಳಿದ್ದು, ಅವು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರಬಲ್ಲವಾದ್ದರಿಂದ, ಕಾಯಿ ಕಟ್ಟುವ ಮುನ್ನವೇ, ನೆಲ ತೇವವಾಗಿರುವಾಗ, ಗಿಡವನ್ನು ತಾಯಿಬೇರು ಸಮೇತ ಕೀಳಬೇಕು. ಕಾಯಿ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಲೇಬಾರದು. ಗಿಡದ ಎಲ್ಲ ಭಾಗಗಳಲ್ಲೂ ಅಟ್ರೋಪಿನ್, ಸ್ಕೋಪೊಲಮೈನ್ ಮುಂತಾದ ವಿಷಗಳಿರುವುದರಿಂದ ಕೈಗವಸು ಅಗತ್ಯ. ರಸ ತಾಗಿದ ಕೈಯಿಂದ ಕಣ್ಣುಜ್ಜಿಕೊಂಡರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ. ಬೀಜಕ್ಕೆ ರೆಕ್ಕೆಯಿಲ್ಲ, ಅದನ್ನು ದೂರಕ್ಕೆ ಒಯ್ಯುವವರು ಹೆಚ್ಚಾಗಿ ನಾವೇ ಆಗಿರುವುದರಿಂದ, ಬಿತ್ತನೆ ಬೀಜವನ್ನು ಜರಡಿ ಹಿಡಿದು, ಯಂತ್ರಗಳಿಗೆ ಅಂಟಿದ ಮಣ್ಣನ್ನು ಹೊಲ ಬಿಡುವ ಮೊದಲೇ ತೊಳೆಯಬೇಕು.