ಹಳೇ ಸೆಟ್‌ಗೇ ಎರಡು ಇಂಪ್ಲಾಂಟ್: ನನ್ನ ಅನುಭವ

ಕೆಳದವಡೆಯ ಹಲ್ಲಿನ ಸೆಟ್ (ಡೆಂಚರ್) ನಿಲ್ಲಲ್ಲ ಅಂತ ಬರುವವರಿಗೆ ನಾನು ಹೊಸ ಸೆಟ್ ಮಾಡುವುದು ಕಮ್ಮಿ. ದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಲೋಹದ ಸ್ಕ್ರೂ) ಹಾಕಿ, ಅವರ ಹಳೇ ಡೆಂಚರನ್ನೇ ಅವುಗಳ ತಲೆಯ ಗುಂಡಿಗೆ (ಬಾಲ್ ಅಟ್ಯಾಚ್‌ಮೆಂಟ್‌ಗೆ) ಕೂರಿಸಿಕೊಡುತ್ತೇನೆ. ಬಾಲ್ ಹಿಡಿಯುವ ಟೋಪಿಯನ್ನು (ಹೌಸಿಂಗ್) ಸೆಟ್ಟಿನೊಳಗೆ ಅಂಟಿಸುವ ಪಿಕಪ್ ಕೆಲಸವೂ ಲ್ಯಾಬ್‌ಗೆ ಹೋಗಲ್ಲ, ಕುರ್ಚಿಯಲ್ಲೇ ಮುಗಿಯುತ್ತದೆ. ಐದಾರು ವರ್ಷದಿಂದ ಹೀಗೇ ನಡೆದಿದೆ. ಮೂವತ್ತು ಚಿಲ್ಲರೆ ಜನರಿಗೆ ಮಾಡಿರಬಹುದು.

ಶುರುವಿನಲ್ಲಿ ಬೆನ್ನು ತಟ್ಟಿದವರು ಯಾರೂ ಇಲ್ಲ. ಹನುಮಂತನಗರದ ಒಂದೇ ಕುರ್ಚಿಯ ಕ್ಲಿನಿಕ್ಕು, ಅದರಲ್ಲಿ ಇಂಪ್ಲಾಂಟ್ ಬೇರೆ ಕೇಡು ಅನ್ನುವ ಧಾಟಿ. ಪ್ರೋಸ್ತೋ (ಕೃತಕ ಹಲ್ಲಿನ ವಿಭಾಗ) ಓದಿದ ಗೆಳೆಯನೊಬ್ಬ "ಹಳೇ ಸೆಟ್‌ಗೆ ತೇಪೆ ಹಾಕ್ತೀಯೇನೋ?" ಅಂತ ನಕ್ಕಿದ್ದ. ಕಳೆದ ವರ್ಷ ಅವನೇ ತನ್ನ ಸೋದರತ್ತೆಯನ್ನು ನನ್ನ ಹತ್ತಿರ ಕಳಿಸಿದ. ಇದನ್ನಾದರೂ ಹೇಳಿಕೊಳ್ಳಬೇಕಲ್ವಾ?

ಎರಡು ಸಾಲದು, ನಾಲ್ಕು ಹಾಕಿ ತೆಗೆಯಲಾಗದ ಫಿಕ್ಸೆಡ್ ಹಲ್ಲು ಕೊಡು ಅನ್ನುವವರಿಗೆ ನನ್ನ ಉತ್ತರ ಒಂದೇ. ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟಿನ ಓವರ್‌ಡೆಂಚರೇ (ಇಂಪ್ಲಾಂಟಿಗೆ ಸಿಕ್ಕಿಸಿ ತೆಗೆಯುವ ಸೆಟ್) ಮೊದಲ ಆಯ್ಕೆ ಅಂತ ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಹೇಳಿಯಾಗಿದೆ. ಫಿಕ್ಸೆಡ್‌ಗೆ ನಮ್ಮ ಊರಿನ ದೊಡ್ಡ ಕ್ಲಿನಿಕ್‌ಗಳಲ್ಲಿ ಎರಡೂವರೆಯಿಂದ ನಾಲ್ಕು ಲಕ್ಷ ಕೇಳುತ್ತಾರೆ. ಪೆನ್ಷನ್ ದುಡ್ಡಿನಲ್ಲಿ ಬದುಕುವ ಮೇಷ್ಟ್ರಿಗೆ ಅದು ಆಗುವ ಮಾತೇ?

ನನ್ನ ಲೆಕ್ಕ ಹೀಗಿದೆ. ಕೊರಿಯಾದ ಇಂಪ್ಲಾಂಟ್ ಒಂದಕ್ಕೆ ಆರೇಳು ಸಾವಿರ. ಹೌಸಿಂಗ್ ಸಮೇತ ಆ ಗುಂಡಿಗೆ (ಬಾಲ್ ಅಬಟ್‌ಮೆಂಟ್) ಎರಡೂವರೆ, ಮೂರು ಸಾವಿರ. ಲೊಕೇಟರ್ ಅನ್ನುವ ಬೇರೆ ಬಗೆಯ ಅಟ್ಯಾಚ್‌ಮೆಂಟ್ ಹಾಕಿದರೆ ಅದೇ ಜಾಗಕ್ಕೆ ಹತ್ತಿರ ಹತ್ತಿರ ಮೂರು ಪಟ್ಟು. ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್), ಲೈನರ್ (ಸೆಟ್ಟಿನ ಮೆತ್ತನೆ ಒಳಪದರ), ಬ್ಲೇಡು, ದಾರ ಎಲ್ಲಾ ಸೇರಿ ನನ್ನ ಕೈಯಿಂದ ಇಪ್ಪತ್ತೈದು ಸಾವಿರದ ಆಸುಪಾಸು ಹೋಗುತ್ತದೆ. ಪೇಷೆಂಟ್ ಹತ್ತಿರ ಐವತ್ತೈದು, ಅರವತ್ತು ತಗೊಳ್ಳುತ್ತೇನೆ. ಸೆಕೆಂಡ್ ಹ್ಯಾಂಡ್ ಫಿಸಿಯೋಡಿಸ್ಪೆನ್ಸರಿನ (ಮೂಳೆ ಕೊರೆಯುವ ಮೋಟರ್) ಸಾಲ ಮೊದಲ ಎರಡು ವರ್ಷದಲ್ಲೇ ತೀರಿತು.

ಹಾಗಂತ ಯಾವ ಹಳೇ ಸೆಟ್ ಆದರೂ ನಡೆಯುತ್ತೆ ಅಂತಲ್ಲ. ಹಲ್ಲು ಸವೆದು ಎತ್ತರ ಬಿದ್ದುಹೋಗಿದ್ದರೆ, ಅಂಚು ಗಿಡ್ಡವಾಗಿದ್ದರೆ ಹೊಸದೇ ಬೇಕು. ನಾನು ಮೊದಲು ರಿಲೈನ್ ಮಾಡಿ (ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು), ಎರಡು ವಾರ ಹಾಕಿಸಿ ನೋಡುತ್ತೇನೆ. ಆಮೇಲೆಯೇ ಡ್ರಿಲ್ ಕೈಗೆ ತಗೊಳ್ಳುವುದು.

ಸರ್ಜರಿ ಬಗ್ಗೆ ಬರೆಯುವುದು ಜಾಸ್ತಿ ಇಲ್ಲ, ಹಲ್ಲಿನ ಡಾಕ್ಟರುಗಳಿಗೆ ಗೊತ್ತಿರುವುದೇ. ಎರಡು ಮೆಂಟಲ್ ಫೊರಾಮೆನ್ (ಕೆಳದವಡೆಯಲ್ಲಿ ನರ ಹೊರಬರುವ ತೂತು) ನಡುವೆ ಮೂಳೆ ಗಟ್ಟಿ. ಗಟ್ಟಿ ಅನ್ನುವುದೇ ತೊಂದರೆ ಕೂಡ. 47 ಡಿಗ್ರಿ ಒಂದು ನಿಮಿಷ ದಾಟಿದರೆ ಮೂಳೆ ಸಾಯುತ್ತದೆ. ಮೊಂಡಾದ ಡ್ರಿಲ್ ಇಟ್ಟುಕೊಂಡು ಜಿಪುಣತನ ಮಾಡಬೇಡಿ. ಡ್ರಿಲ್ ತಣಿಸುವ ಸಲೈನ್ ಬಾಟ್ಲಿ ನನ್ನದು ಫ್ರಿಜ್ಜಿನಲ್ಲೇ ಇರುತ್ತದೆ. ನಾಲಿಗೆ ಕಡೆಯ ಮೂಳೆ ಗೋಡೆ ತೂತಾದರೆ ಬಾಯಿಯ ತಳದಲ್ಲಿ ರಕ್ತ ತುಂಬಿ ಉಸಿರಿಗೇ ಕುತ್ತು. ಅದಕ್ಕೇ ಬರೀ ಒಪಿಜಿ ಎಕ್ಸ್‌ರೇ ನಂಬಿ ಕೂರಲ್ಲ, ಸಿಬಿಸಿಟಿ ಇಲ್ಲದೆ ಕೇಸೇ ಹಿಡಿಯಲ್ಲ.

ಇನ್ನೊಂದು ಮಾತು. "ಮಾತ್ರೆ ಏನಾದ್ರೂ ತಗೋತೀರಾ?" ಅಂತ ಕೇಳಿದರೆ ಅಜ್ಜಿಯರು ಬಿಪಿ, ಶುಗರ್ ಹೇಳಿ ಸುಮ್ಮನಾಗುತ್ತಾರೆ. "ಮೂಳೆಗೆ ಅಂತ ವರ್ಷಕ್ಕೊಂದು ಇಂಜೆಕ್ಷನ್ ಕೊಡ್ತಾರಾ ಅಜ್ಜಿ?" ಅಂತ ಬಿಡಿಸಿ ಕೇಳಬೇಕು. "ಅಯ್ಯೋ, ಅದು ಮಾತ್ರೆ ಅಲ್ವಲ್ಲಪ್ಪಾ" ಅಂದರು ಒಬ್ಬರು. ಆ ಇಂಜೆಕ್ಷನ್ ತಗೊಂಡವರ ದವಡೆ ಮೂಳೆ ಮಾಯದೆ ಹೋಗುವ ಭಯ ಇರುತ್ತದೆ, ಅವರ ಕೇಸ್ ಅಲ್ಲಿಗೇ ನಿಲ್ಲಿಸಿದೆ.

ಕೈಕೊಟ್ಟ ಕೇಸುಗಳಿಗೆ ಬರೋಣ. ಮೂಳೆ ಕೂಡುವವರೆಗೆ ಇಂಪ್ಲಾಂಟಿನ ಮೇಲಿರುವ ಮುಚ್ಚಳ, ಅಂದರೆ ಹೀಲಿಂಗ್ ಕ್ಯಾಪ್, ತಾಗದಂತೆ ಸೆಟ್ಟನ್ನು ತೋಡಿ, ಸಾಫ್ಟ್ ಲೈನರ್ ಹಾಕಿ ಕಳಿಸುತ್ತೇವೆ. ಆ ಲೈನರ್ ಎರಡು ಮೂರು ವಾರಕ್ಕೆ ಗಟ್ಟಿಯಾಗುತ್ತದೆ, ಬದಲಾಯಿಸದಿದ್ದರೆ ಇಂಪ್ಲಾಂಟನ್ನು ಒತ್ತುತ್ತದೆ. ಒಬ್ಬ ತಾತ ಮೈಸೂರಿಗೆ ಮಗಳ ಮನೆಗೆ ಅಂತ ಹೋದವರು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಬಂದಾಗ ಲೈನರ್ ಕಲ್ಲಾಗಿತ್ತು. ಎಡಗಡೆಯ ಹೀಲಿಂಗ್ ಕ್ಯಾಪ್ ತಿರುಗಿಸಲು ಹೋದರೆ ಇಂಪ್ಲಾಂಟ್ ಸಮೇತ ಕೈಗೆ ಬಂತು. ನೋವಿಲ್ಲ, ಕೀವಿಲ್ಲ, ಸುತ್ತ ತೆಳ್ಳಗೆ ಮಾಂಸದ ಪೊರೆ ಅಷ್ಟೇ. ಮತ್ತೆ ಹಾಕಿಕೊಟ್ಟೆ, ನನ್ನ ಖರ್ಚಿನಲ್ಲೇ. ಈಗ ಮೂರು ತಿಂಗಳು ಬೆಂಗಳೂರು ಬಿಡಲ್ಲ ಅಂತ ಮಾತು ತಗೊಂಡೇ ಕೆಲಸ ಶುರು.

ಬಹಳ ಕಾಟ ಕೊಟ್ಟಿದ್ದು ಪಿಕಪ್. ಬಾಲ್‌ನ ಕತ್ತಿನ ಕೆಳಗೆ ಕೋಲ್ಡ್ ಕ್ಯೂರ್ (ಬಾಯಲ್ಲೇ ಗಟ್ಟಿಯಾಗುವ ಅಕ್ರಿಲಿಕ್) ಇಳಿದು ಗಟ್ಟಿಯಾದರೆ ಸೆಟ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಸಂಜೆ ಹಾಗಾಗಿ, ನಾಲಿಗೆ ಕಡೆಯಿಂದ ಬರ್ ಹಿಡಿದು ಅಕ್ರಿಲಿಕ್ ಕೊರೆದು ಬಿಡಿಸುವಷ್ಟರಲ್ಲಿ ಅಸಿಸ್ಟೆಂಟ್ ಹುಡುಗಿಗೆ ಕೊನೇ ಬಸ್ ತಪ್ಪಿತ್ತು. ಪೇಷೆಂಟ್ ಯಜಮಾನರು ಮಾತ್ರ ಜಗ್ಗಲಿಲ್ಲ, ಕೈಸನ್ನೆಯಲ್ಲೇ "ನಿಧಾನ, ನಿಧಾನ" ಅನ್ನುತ್ತಿದ್ದರು. ಈಗ ರಬ್ಬರ್ ಡ್ಯಾಮಿನ ಬಿಲ್ಲೆಗೆ ತೂತು ಹಾಕಿ ಬಾಲ್‌ಗೆ ತೊಡಿಸುತ್ತೇನೆ. ಅದರ ಮೇಲೆ ಪ್ಲಂಬರ್‌ಗಳ ಟೆಫ್ಲಾನ್ ಟೇಪು. ಸೆಟ್‌ನಲ್ಲಿ ನಾಲಿಗೆ ಕಡೆ ಕಿಟಕಿ ಬಿಟ್ಟಿರುತ್ತೇನೆ, ಹೆಚ್ಚಿನ ಮಾಲು ಅಲ್ಲಿಂದ ಆಚೆ ಬರುತ್ತದೆ. ಬಾಯಿ ಮೆಲ್ಲಗೆ ಮುಚ್ಚಿಸಬೇಕು. ಜೋರಾಗಿ ಕಚ್ಚಿಸಿದರೆ ವಸಡು ಅದುಮಿ, ಆಮೇಲೆ ಸೆಟ್ಟೆಲ್ಲಾ ಎರಡು ಬಾಲ್ ಮೇಲೇ ಏತ ಆಡುತ್ತದೆ. ಎರಡೂ ಹೌಸಿಂಗ್ ಒಟ್ಟಿಗೆ ಹಿಡಿಯಬೇಕೋ, ಒಂದಾದ ಮೇಲೆ ಒಂದೋ, ಪುಡಿಗೆ ಲಿಕ್ವಿಡ್ ಎಷ್ಟು, ಯಾವ ಹದದಲ್ಲಿ ತುಂಬಬೇಕು, ಅದು ಮಾತ್ರ ಇಲ್ಲಿ ಬರೆಯಲ್ಲ. ಕ್ಲಿನಿಕ್‌ಗೆ ಬನ್ನಿ, ಕಾಫಿ ಕುಡಿಯುತ್ತಾ ತೋರಿಸುತ್ತೇನೆ.

ಆಮೇಲಿನದು ಸೆಟ್ ಮುರಿಯುವ ಕಥೆ. ಹೌಸಿಂಗ್‌ಗೆ ಅಂತ ತೋಡಿದ ಕಡೆ ಅಕ್ರಿಲಿಕ್ ತೆಳುವಾಗುತ್ತದೆ. ಹಿಡಿತ ಬಂತು ಅಂತ ಜನ ಚಕ್ಕುಲಿಗೇ ಕೈ ಹಾಕುತ್ತಾರೆ. ಮೊದಲ ಹತ್ತು ಹದಿನೈದು ಕೇಸಿನಲ್ಲಿ ಮೂರೋ ನಾಲ್ಕೋ ನಡುವೆ ಸೀಳಿದವು. ಸ್ಟೀಲ್ ತಂತಿ ಇಟ್ಟು ನೋಡಿದೆ, ಅಕ್ರಿಲಿಕ್‌ಗೂ ತಂತಿಗೂ ಬೆಸುಗೆ ಇಲ್ಲ, ತಂತಿಯ ಗುಂಟವೇ ಬಿರುಕು ಬಂತು. ಈಗ ಲ್ಯಾಬಿನವರಿಂದ ಕೋಬಾಲ್ಟ್ ಕ್ರೋಮಿನ ಮೆಶ್ ಹಾಕಿಸುತ್ತೇನೆ, ಒಂದೂವರೆ ಸಾವಿರ ಆಗುತ್ತದೆ. ಆಮೇಲೆ ಮುರಿದಿದ್ದು ಒಂದೇ. ಅದೂ ಮೊಮ್ಮಗ ನೆಲಕ್ಕೆ ಬೀಳಿಸಿದ್ದು.

ಹೌಸಿಂಗ್ ಒಳಗೆ ಬಾಲನ್ನು ಹಿಡಿಯುವ ರಬ್ಬರ್ ಓ-ರಿಂಗ್ ವಿಚಾರದಲ್ಲಿ ಅಗ್ಗದ ಮಾಲಿಗೆ ಹೋಗಬೇಡಿ. ಒಬ್ಬ ಡೀಲರ್ ಅರ್ಧ ರೇಟಿಗೆ ಕೊಟ್ಟ ರಿಂಗುಗಳು ಮೂರು ತಿಂಗಳಿಗೇ ಸಡಿಲವಾದವು. ಒಳ್ಳೆಯವು ವರ್ಷ ಬರುತ್ತವೆ. ವರ್ಷಕ್ಕೊಮ್ಮೆ ಬಂದು ಬದಲಾಯಿಸಿಕೊಳ್ಳಬೇಕು, ಅದಕ್ಕೆ ಐನೂರು ರೂಪಾಯಿ ಅಂತ ಮೊದಲೇ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಇಲ್ಲಾಂದ್ರೆ ಫ್ರೀ ಅಂದ್ಕೋತಾರೆ.

ಮಧ್ಯೆ ಒಂದಷ್ಟು ಆಟವೂ ಆಡಿದೆ. ಅಗಿಯುವ ಶಕ್ತಿ ಅಳೆಯಲು ಕಡಲೆಕಾಯಿ, ಜರಡಿ ಬಳಸುವುದು ಹಳೇ ಪದ್ಧತಿ. ಬಸವನಗುಡಿ ಪರಿಷೆಯಲ್ಲಿ ಸೇರುಗಟ್ಟಲೆ ಕಡಲೆಕಾಯಿ ತಂದು, ಬೀಜ ಹುರಿಸಿ, ಇಪ್ಪತ್ತು ಸಲ ಅಗಿದು ಲೋಟಕ್ಕೆ ಉಗಿಯಿರಿ ಅಂದೆ. ಮನೆಯ ರವೆ ಜರಡಿಯಲ್ಲಿ ಸೋಸಿದರೆ, ಇಂಪ್ಲಾಂಟಿಗೆ ಮುಂಚೆ ಅರ್ಧಕ್ಕಿಂತ ಜಾಸ್ತಿ ಮೇಲೇ ಉಳಿಯುತ್ತಿತ್ತು, ಆಮೇಲೆ ಕಾಲು ಭಾಗ ಉಳಿದರೆ ಹೆಚ್ಚು. ಒಬ್ಬ ಅಜ್ಜಿ ಮಾತ್ರ ನುಂಗಿಬಿಟ್ಟರು. "ಇಷ್ಟು ವರ್ಷಕ್ಕೆ ಅಗಿಯೋಕೆ ಬಂತು, ಉಗಿ ಅಂತೀರಲ್ಲ ಡಾಕ್ಟ್ರೇ" ಅಂದರು. ಜರಡಿ ವಾಪಸ್ ಅಡುಗೆಮನೆಗೆ ಹೋಗಲಿಲ್ಲ, ಹೆಂಡತಿ ಹೊಸದು ತರಿಸಿಕೊಂಡಳು.

ಪಿಆರ್‌ಎಫ್ (ಪೇಷೆಂಟಿನ ರಕ್ತವನ್ನೇ ತಿರುಗಿಸಿ ತೆಗೆದು ಗಾಯಕ್ಕೆ ಇಡುವ ಫೈಬ್ರಿನ್ ಗಡ್ಡೆ) ಹುಚ್ಚೂ ಹಿಡಿದಿತ್ತು. ಹಳೇ ಸೆಂಟ್ರಿಫ್ಯೂಜ್ ಒಂದನ್ನು ಕೊಂಡು 2700 ಆರ್‌ಪಿಎಂ, ಹನ್ನೆರಡು ನಿಮಿಷ ತಿರುಗಿಸಿದೆ. ಗಾಜಿನ ಟ್ಯೂಬಿನಲ್ಲಿ ಗಟ್ಟಿ ಬಂತು, ಪ್ಲಾಸ್ಟಿಕ್‌ನಲ್ಲಿ ನೀರುನೀರು. ವಸಡು ಬೇಗ ಮಾಯುತ್ತದೆ ಅನ್ನಿಸಿತು. ಆದರೆ ಈ ಜಾಗದ ಮೂಳೆಗೆ ಅದರಿಂದ ಏನೂ ಹೆಚ್ಚಿನದು ಕಾಣಲಿಲ್ಲ. ಈಗ ಬುದ್ಧಿಹಲ್ಲು ಕಿತ್ತ ಕಡೆ ತುಂಬಲು ಮಾತ್ರ ಮೆಷಿನ್ ಆನ್ ಆಗುತ್ತದೆ.

ಕೆಳಗಿನದು ಗಟ್ಟಿಯಾದ ಮೇಲೆ ಎಲ್ಲರದೂ ಒಂದೇ ಬೇಡಿಕೆ, ಮೇಲಿನದಕ್ಕೂ ಹೀಗೇ ಎರಡು ಹಾಕಿಬಿಡಿ ಅಂತ. ಅಲ್ಲಿನ ಮೂಳೆ ಮೆತ್ತಗೆ, ಎರಡರಲ್ಲಿ ಆಗಲ್ಲ. ನಾಲ್ಕು ಹಾಕಿ, ಅವನ್ನು ಜೋಡಿಸುವ ಬಾರ್ ಕೂರಿಸಬೇಕು, ಸೆಟ್ಟೂ ಹೊಸದಾಗಬೇಕು. ಒಂದೂಕಾಲು ಲಕ್ಷದೊಳಗೆ ಮುಗಿಸುವ ದಾರಿ ನನಗಿನ್ನೂ ಸಿಕ್ಕಿಲ್ಲ. ಅಲ್ಲಿವರೆಗೆ ಮೇಲಿನ ದವಡೆ ಕೇಸುಗಳನ್ನು ಆ ಪ್ರೋಸ್ತೋ ಗೆಳೆಯನಿಗೇ ಕಳಿಸುತ್ತಿದ್ದೇನೆ.