ಬಾಣಂತಿ ಕೋಣೆಯ ಕೆಂಡ: ಹಸುಗೂಸಿಗೆ ವಿಷಗಾಳಿ ತಗುಲಿದರೆ

ಕೂಸಿಗೆ ಶೀತವಾಗಬಾರದೆಂದು ಕಿಟಕಿ ಮುಚ್ಚಿ, ಮಂಚದ ಹತ್ತಿರ ಅಗ್ಗಿಷ್ಟಿಕೆ ಇಡುತ್ತಾರೆ. ಹೊಗೆ ನಿಂತು ಕೆಂಡ ನಿಗಿನಿಗಿ ಅಂದಮೇಲೆ ಭಯವಿಲ್ಲ ಅಂದುಕೊಳ್ಳುತ್ತಾರೆ. ಎಡವುವುದು ಅಲ್ಲೇ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಇದ್ದಿಲ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ಗಾಳಿಯಾಡದ ಬಚ್ಚಲಲ್ಲಿ ಉರಿಯುವ ಗ್ಯಾಸ್ ಗೀಸರ್ ಕೂಡ ಅಷ್ಟೇ ಅಪಾಯ.

ಈ ವಿಷಗಾಳಿ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಕೂಸು ನಿಮಿಷಕ್ಕೆ 40–60 ಸಲ ಉಸಿರಾಡುವುದರಿಂದ ವಿಷ ಬೇಗ ಏರುತ್ತದೆ.

ಮೊಲೆ ಹಿಡಿಯುವುದಿಲ್ಲ, ಎಬ್ಬಿಸಿದರೂ ಮಂಪರು, ಕೈಕಾಲು ಜೋಲು, ವಾಂತಿ, ಫಿಟ್ಸ್, ನಡುನಡುವೆ ಉಸಿರು ನಿಲ್ಲುವುದು: ಇವು ಸೋಂಕಿನಲ್ಲೂ ಕಾಣುತ್ತವೆ. ಆದ್ದರಿಂದ ತಾಯಿಯನ್ನು ಕೇಳಿ. ತಲೆ ಸಿಡಿಯುತ್ತಿದೆಯೇ? ಹೊಟ್ಟೆ ತೊಳಸುತ್ತಿದೆಯೇ? ಹೊರಗೆ ಬಂದರೆ ಹಗುರವೇ? ಕೂಸು ಹೇಳಲಾರದ್ದನ್ನು ಅವಳ ತಲೆನೋವು ಹೇಳುತ್ತದೆ. ಮೈ ಕೆಂಪಾಗಲಿ ಎಂದು ಕಾಯಬೇಡಿ. ಅದು ಅಪರೂಪ, ಕಂಡರೂ ತಡವಾಗಿ.

ಇಬ್ಬರನ್ನೂ ತಕ್ಷಣ ಹೊರಗಿನ ಗಾಳಿಗೆ ತನ್ನಿ. ಕೆಂಡ ಆರಿಸುತ್ತ ಒಳಗೆ ನಿಲ್ಲಬೇಡಿ. ಕೂಸಿಗೆ ಬಟ್ಟೆ ಸುತ್ತಿ, 108ಕ್ಕೆ ಫೋನ್ ಮಾಡಿ. ಉಸಿರಿಲ್ಲದಿದ್ದರೆ ಗಟ್ಟಿ ಜಾಗದಲ್ಲಿ ಅಂಗಾತ ಮಲಗಿಸಿ, ತಲೆ ನೇರವಾಗಿರಲಿ. ಅದರ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಕೆನ್ನೆ ತುಂಬುವಷ್ಟೇ ಗಾಳಿ ಮೆಲ್ಲಗೆ ಊದಿ. ಎದೆ ಏಳುವುದು ಕಾಣಬೇಕು. ಆಗಲೂ ಮಿಸುಕದಿದ್ದರೆ ಎದೆಗೂಡನ್ನು ಎರಡೂ ಕೈಯಿಂದ ಬಳಸಿ, ಹೆಬ್ಬೆರಳುಗಳಿಂದ ಎದೆಮೂಳೆಯನ್ನು ಸುಮಾರು 4 ಸೆಂಟಿಮೀಟರ್ ಒಳಕ್ಕೆ ಒತ್ತಿ: ನಿಮಿಷಕ್ಕೆ 100–120ರ ವೇಗದಲ್ಲಿ 30 ಒತ್ತು, ನಂತರ 2 ಉಸಿರು.

ಆಸ್ಪತ್ರೆಯಲ್ಲಿ ಮೊದಲ ಮಾತೇ "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಎಂದಾಗಬೇಕು. ಏಕೆಂದರೆ ಪಾದಕ್ಕೆ ಕಟ್ಟುವ ಪಲ್ಸ್ ಆಕ್ಸಿಮೀಟರ್ ವಿಷ ಅಂಟಿದ ರಕ್ತವನ್ನೂ ಆಮ್ಲಜನಕದ ರಕ್ತವೆಂದೇ ಓದಿ 98 ತೋರಿಸಬಹುದು. ರಕ್ತದ ಮಾದರಿ ಪರೀಕ್ಷಿಸುವ ಕೋ-ಆಕ್ಸಿಮೀಟರ್‌ನಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ (ವಿಷ ಅಂಟಿದ ಹಿಮೋಗ್ಲೋಬಿನ್) ಅಳೆಯಲೇಬೇಕು, ತಾಯಿಯದ್ದೂ ಸೇರಿ. ಹಸುಗೂಸಿನ ರಕ್ತದಲ್ಲಿ ಗರ್ಭದಿಂದ ಉಳಿದು ಬಂದ ಭ್ರೂಣ ಹಿಮೋಗ್ಲೋಬಿನ್ ಕೆಲವು ಯಂತ್ರಗಳನ್ನು ದಾರಿ ತಪ್ಪಿಸಿ ಅಂಕಿ ಹೆಚ್ಚಿಸುತ್ತದೆ. ಬರುವಾಗ ದಾರಿಯಲ್ಲಿ ಆಮ್ಲಜನಕ ಕೊಟ್ಟಿದ್ದರೆ ಅಂಕಿ ಇಳಿದೂ ಇರುತ್ತದೆ. ಕಡಿಮೆ ಬಂತೆಂದು ಅನುಮಾನ ಬಿಡಬೇಡಿ.

ವರದಿಗೆ ಕಾಯದೆ ತಲೆಯ ಸುತ್ತ ಇಡುವ ಹುಡ್ ಅಥವಾ ಮಾಸ್ಕ್‌ನಲ್ಲಿ ಶೇ. 100 ಆಮ್ಲಜನಕ ಶುರುವಾಗಬೇಕು. ಬರೀ ಗಾಳಿಯಲ್ಲಿ ವಿಷ ಅರ್ಧಕ್ಕಿಳಿಯಲು 4–5 ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಸುಮಾರು 60–90 ನಿಮಿಷ ಸಾಕು. ದಿನ ತುಂಬದೆ ಹುಟ್ಟಿದ ಕೂಸಿಗೆ ಹೆಚ್ಚು ಆಮ್ಲಜನಕದಿಂದ ಕಣ್ಣಿಗೆ ಹಾನಿಯಾಗಬಹುದು. ಎಷ್ಟು ಹೊತ್ತು ಕೊಡಬೇಕೆಂಬುದನ್ನು ಮಕ್ಕಳ ತಜ್ಞರೇ ನಿರ್ಧರಿಸಲಿ.

ಮನೆಗೆ ಬಂದಮೇಲೆ ಅಗ್ಗಿಷ್ಟಿಕೆ ಬೇಡ. ಕೂಸಿಗೆ ಕುಲಾವಿ ಹಾಕಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೊಂದು ಕಂಬಳಿ ಹೊದಿಸಿ. ಮೂಗು ಬಾಯಿ ತೆರೆದಿರಲಿ. ಕೆಲವು ವಾರಗಳ ನಂತರವೂ ಮಿದುಳಿನ ತೊಂದರೆ ತಲೆ ಎತ್ತಬಹುದು, ವೈದ್ಯರು ಹೇಳಿದ ದಿನ ತಪ್ಪದೆ ತೋರಿಸಿ.