ಜಕಾರ್ತಾಕ್ಕೆ ಹೊಸಬರೇ? ಮೊದಲು ದಾಂಗ್ಡುಟ್ ಕೇಳಿ

ಬಂದ ವಾರದಲ್ಲೇ ಯಾರೋ ಓಜೆಕ್ ಓಡಿಸುವವರು, ಅಂದರೆ ಬೈಕ್ ಟ್ಯಾಕ್ಸಿಯವರು, ನಿಮ್ಮ ಮುಖ ನೋಡಿ 'ಇಂಡಿಯಾ?' ಅಂತ ಕೇಳಿ ಶಾರುಖ್ ಖಾನ್ ಹಾಡು ಗುನುಗುತ್ತಾರೆ. ನೀವೂ ದನಿಗೂಡಿಸಿ. ನಮ್ಮದು ಹಿಂದಿಯಲ್ಲ, ಕನ್ನಡ ಅಂತ ಬಿಡಿಸಿ ಹೇಳಲು ಮುಂದೆ ಬೇಕಾದಷ್ಟು ಹೊತ್ತಿದೆ. ಅವರನ್ನು 'ಮಾಸ್' ಅನ್ನಿ, ನಮ್ಮ 'ಅಣ್ಣ' ಇದ್ದ ಹಾಗೆ. ಹೆಣ್ಣುಮಕ್ಕಳಿಗೆ 'ಎಂಬಾಕ್'.

ಮಾಲ್‌ಗಳಲ್ಲಿ ಕೊರಿಯಾದ ಹಾಡು ಕೇಳಿಸುತ್ತದೆ, ಅದನ್ನೇ ನಂಬಿ ಕೂರಬೇಡಿ. ಇಲ್ಲಿನ ಜನರ ಸಂಗೀತ ದಾಂಗ್ಡುಟ್. ತಬಲಾದಂಥ ವಾದ್ಯದ 'ದಾಂಗ್', 'ಡುಟ್' ಸದ್ದಿನಿಂದಲೇ ಆ ಹೆಸರು. 1970ರ ದಶಕದಲ್ಲಿ ಗಾಯಕ ರೋಮಾ ಇರಾಮಾ ಮಲಯ್ ಹಾಡಿಗೆ ಹಿಂದಿ ಸಿನಿಮಾದ ಧಾಟಿಯನ್ನೂ ರಾಕ್ ಗಿಟಾರನ್ನೂ ಬೆರೆಸಿ 'ದಾಂಗ್ಡುಟ್ ರಾಜ' ಆದರು. ಪೇಟೆಯ ಓದಿದವರು ಇದನ್ನು 'ಕಂಪುಂಗಾನ್' ಅಂತ, ಅಂದರೆ ಹಳ್ಳಿ ಗಮಾರರದ್ದು ಅಂತ ತಳ್ಳಿಹಾಕಿದ್ದರು. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡಿಗೆ ಬೆಂಗಳೂರಿನಲ್ಲಿ ಮೂಗು ಮುರಿಯುತ್ತಾರಲ್ಲ, ಹಾಗೆಯೇ. ಈಗ ಕಾಲೇಜು ಹುಡುಗರೇ ಮೊಣಕಾಲು ಕುಣಿಸುತ್ತಾರೆ. ಜಾವಾ ಭಾಷೆಯಲ್ಲಿ ವಿರಹ ಹಾಡುತ್ತಿದ್ದ ಗಾಯಕ ದೀದಿ ಕೆಂಪೋಟ್ ಅವರನ್ನು 2019ರಲ್ಲಿ ಹದಿಹರೆಯದವರು ಹೊತ್ತು ಮೆರೆಸಿದರು. ತಮ್ಮನ್ನು 'ಸೋಬತ್ ಅಂಬ್ಯಾರ್' ಅಂತ ಕರೆದುಕೊಂಡರು. ಸೋಬತ್ ಅಂದರೆ ಗೆಳೆಯ, ಅಂಬ್ಯಾರ್ ಅಂದರೆ ನುಚ್ಚುನೂರು. ಮರುವರ್ಷ ಮೇನಲ್ಲಿ ಕೆಂಪೋಟ್ ತೀರಿಕೊಂಡರು, 53 ವರ್ಷಕ್ಕೇ.

ಉಡುಪಿನ ಮಾತಿಗೆ ಬಂದರೆ, 2022ರ ಜೂನ್-ಜುಲೈ ಶಾಲಾ ರಜೆಯನ್ನು ಇಲ್ಲಿಯವರು ಇನ್ನೂ ನೆನೆಯುತ್ತಾರೆ. ಊರ ಹೊರವಲಯದ ಚಿತಾಯಂ, ಬೊಜೊಂಗ್ ಗೆಡೆ, ಡೆಪೋಕ್ ಕಡೆಯ ಹುಡುಗ ಹುಡುಗಿಯರು ಲೋಕಲ್ ರೈಲು ಹತ್ತಿ ನಗರದ ನಡುವಿನ, ಗಾಜಿನ ಕಟ್ಟಡಗಳ ದುಕುಹ್ ಆತಾಸ್‌ಗೆ ಬಂದು, ರಸ್ತೆ ದಾಟುವ ಜೀಬ್ರಾ ಪಟ್ಟೆಯ ಮೇಲೇ ಫ್ಯಾಷನ್ ಶೋ ನಡೆಸಿದರು. ಬಟ್ಟೆ ಅಗ್ಗದ್ದು, ಠೀವಿ ರಾಜರದ್ದು. ಮಂತ್ರಿ ಮಾಡೆಲ್‌ಗಳೂ ಬಂದು ಫೋಟೊ ತೆಗೆಸಿಕೊಂಡರು. ಸಿನಿಮಾ ನಟರೊಬ್ಬರ ಕಂಪನಿ 'ಚಿತಾಯಂ ಫ್ಯಾಷನ್ ವೀಕ್' ಅನ್ನುವ ಅದರ ಹೆಸರಿನ ಟ್ರೇಡ್‌ಮಾರ್ಕಿಗೇ ಅರ್ಜಿ ಹಾಕಿ, ಜನ ಉಗಿದ ಮೇಲೆ ಹಿಂದೆ ತೆಗೆದುಕೊಂಡಿತು. ಉಗಿಯುವುದರಲ್ಲಿ ಇಲ್ಲಿನ ನೆಟ್ಟಿಗರು ಯಾರಿಗೂ ಕಡಿಮೆಯಿಲ್ಲ.

ಆಫೀಸಿನ ಊಟದ ಹೊತ್ತಿಗೆ ರಾಫಿ ಅಹ್ಮದ್ ಹೆಸರು ಗೊತ್ತಿದ್ದರೆ ಸಾಕು. ಟಿವಿ, ಯೂಟ್ಯೂಬ್ ದಾಟಿ 2024ರಲ್ಲಿ ಅಧ್ಯಕ್ಷರ ವಿಶೇಷ ದೂತರೇ ಆದ ಆಸಾಮಿ.

ಉದ್ದ ತೋಳಿನ ಬಾತಿಕ್ ಅಂಗಿ ಒಂದನ್ನು ಇಸ್ತ್ರಿ ಮಾಡಿ ಇಟ್ಟಿರಿ. ಶುಕ್ರವಾರ ಆಫೀಸಿಗೂ ಸೈ, ಮದುವೆಗೂ ಸೈ, ಕೋಟು ಬೇಕಿಲ್ಲ. ಮದುವೆಯಲ್ಲಿ ದಾಂಗ್ಡುಟ್ ಶುರುವಾದರೆ ಜನ ವೇದಿಕೆ ಹತ್ತಿ ಗಾಯಕಿಗೆ ನೋಟು ಕೊಡುತ್ತಾರೆ. ಇದು 'ಸಾವೆರ್', ನಮ್ಮ ಹಾಡಿಕೆಯವರಿಗೆ ಆಯೇರಿ ಮಾಡಿದ ಹಾಗೆ. ಬಲಗೈಯಲ್ಲೇ ಕೊಡಿ, ಚಿಲ್ಲರೆ ಇಟ್ಟುಕೊಂಡು ಹೋಗಿ. ಮೊದಲ ಸಲ ನನ್ನನ್ನು ಮೇಲಕ್ಕೆ ಎಳೆದಾಗ ಜೇಬಲ್ಲಿದ್ದದ್ದು 1,00,000 ರುಪಿಯಾದ ನೋಟುಗಳು ಮಾತ್ರ. ನಮ್ಮ ಲೆಕ್ಕದಲ್ಲಿ ಒಂದಕ್ಕೆ ಐನೂರು ಚಿಲ್ಲರೆ. ಮೂರು ಹಾಡಿಗೆ ಮೂರೂ ಹೋದವು.